ಇದ್ದಿಲು ಸ್ಥಿರ ಬಂಡವಾಳ, ಗೊಬ್ಬರ ದುಡಿಯುವ ಬಂಡವಾಳ

ಇಡಗುಂದಿ ಕಡೆಯ ಹಳೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಅಲ್ಲಿಂದ ಸೊಪ್ಪು, ದರಕು ತಂದು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ ಮಾಡುತ್ತಾರೆ. ನಮಗೆ ಅರ್ಧ ಎಕರೆ ತೋಟವಿದೆ. ಬೆಟ್ಟವಿಲ್ಲ, ದನವೂ ಇಲ್ಲ. ಆದ್ದರಿಂದ ಅಬ್ಬಾ ಪ್ರತಿವರ್ಷ ದುಡ್ಡು ಕೊಟ್ಟು ಗೊಬ್ಬರ ತರಿಸುತ್ತಾರೆ. ಆ ದುಡ್ಡಿನಲ್ಲಿ ಎಷ್ಟು ಪಾಲು ಮರಕ್ಕೆ ಸೇರುತ್ತದೆ, ಎಷ್ಟು ಮಳೆನೀರಿನ ಜೊತೆ ಹಳ್ಳಕ್ಕೆ ಹೋಗುತ್ತದೆ? ವಾಣಿಜ್ಯ ವಿಭಾಗದವನಾದ ನನಗೆ ಈ ಲೆಕ್ಕವೇ ಬಯೋಚಾರ್ ಬಗ್ಗೆ ಓದಲು ಕಾರಣವಾಯಿತು.

ಬಯೋಚಾರ್ ಎಂದರೆ ಮಣ್ಣಿಗೆ ಹಾಕಲೆಂದೇ ಮಾಡಿದ ಇದ್ದಿಲು. ಒಣಗಿದ ಕೃಷಿ ಕಸವನ್ನು ಗಾಳಿ ಕಡಿಮೆ ಮಾಡಿ ಸುಮಾರು 300ರಿಂದ 700 ಡಿಗ್ರಿ ಶಾಖದಲ್ಲಿ ಸುಟ್ಟರೆ ಬೂದಿಯಾಗದೆ ಇದ್ದಿಲಾಗುತ್ತದೆ. ಇದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿರುತ್ತವೆ. ಅವು ನೀರನ್ನು ಹಿಡಿದಿಡುತ್ತವೆ. ಪೊಟ್ಯಾಷ್, ಅಮೋನಿಯಂ ಮುಂತಾದ ಪೋಷಕಾಂಶಗಳು ಇದ್ದಿಲಿನ ಮೈಗೆ ಅಂಟಿಕೊಳ್ಳುತ್ತವೆ. ಅಮೆಜಾನ್ ಕಾಡಿನ ಜನ ನೂರಾರು ವರ್ಷಗಳ ಹಿಂದೆ ಇದ್ದಿಲು, ಮೂಳೆ, ಅಡುಗೆಮನೆಯ ಕಸ ಸೇರಿಸಿದ ಕಪ್ಪು ಮಣ್ಣು ಇಂದಿಗೂ ಫಲವತ್ತಾಗಿದೆ. ನಮ್ಮ ಕರಾವಳಿಯ ಸುಡುಮಣ್ಣು ಕೂಡ ಇದರ ದೂರದ ಸಂಬಂಧಿ.

ಇದ್ದಿಲು ತಾನೇ ಗೊಬ್ಬರವಾಗುವುದಿಲ್ಲ. ಅದು ಗೋದಾಮು, ಸರಕು ತುಂಬುವುದು ಗೊಬ್ಬರ. ಗೋದಾಮು ಒಮ್ಮೆ ಕಟ್ಟಿದರೆ ಬಹಳ ವರ್ಷ ಇರುತ್ತದೆ, ಸರಕನ್ನು ವರ್ಷವರ್ಷವೂ ತುಂಬಬೇಕು. ಹಸಿ ಇದ್ದಿಲನ್ನು ಹಾಗೆಯೇ ಹಾಕಿದರೆ ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಂಡು ಗಿಡ ಸ್ವಲ್ಪ ಕಾಲ ಸೊರಗಬಹುದು. ಆದ್ದರಿಂದ ಮೊದಲು ಗಂಜಲದಲ್ಲಿ ಅಥವಾ ಗೋಬರ್ ಗ್ಯಾಸಿನ ಬಗ್ಗಡದಲ್ಲಿ ನೆನೆಸಿ, ಕಾಂಪೋಸ್ಟ್ ಜೊತೆ ಕೆಲವು ವಾರ ಕಲಸಿಟ್ಟು ಆಮೇಲೆ ಹಾಕಬೇಕು.

ಗೋಧಿ ಬೆಳೆಗೆ ಬಯೋಚಾರ್ ಹಾಕಿ ನಡೆಸಿದ ಪ್ರಯೋಗಗಳ ಬಗ್ಗೆ ಬಹಳ ಬರೆದಿದ್ದಾರೆ. ನಮ್ಮ ಮನೆಯ ರೊಟ್ಟಿಯ ಗೋಧಿ ಘಟ್ಟದ ಮೇಲಿನ ಬಯಲುಸೀಮೆಯದು; ಧಾರವಾಡ ಕಡೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುತ್ತಾರೆ. ಆ ಮಣ್ಣು ಮೊದಲೇ ಪೋಷಕಾಂಶ ಹಿಡಿದಿಡುವ ಜೇಡಿಮಣ್ಣು, ಹೆಚ್ಚಾಗಿ ಕ್ಷಾರದ ಕಡೆಗಿರುವಂಥದ್ದು. ಯಲ್ಲಾಪುರದ ಕೆಂಪು ಜಂಬಿಟ್ಟಿಗೆ ಮಣ್ಣು ಇದಕ್ಕೆ ತದ್ವಿರುದ್ಧ. ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ತೊಳೆದು ಅದು ಹುಳಿಯಾಗಿದೆ. ಬಯೋಚಾರ್ ಸಾಮಾನ್ಯವಾಗಿ ಹುಳಿಯನ್ನು ತಗ್ಗಿಸುತ್ತದೆ. ಹಾಗಾಗಿ ಇದರ ಲಾಭ ಬಯಲಿನ ಗೋಧಿ ಹೊಲಕ್ಕಿಂತ ನಮ್ಮ ತೋಟ, ಗದ್ದೆಗಳಿಗೇ ಹೆಚ್ಚು.

ಕಚ್ಚಾವಸ್ತು ನಮ್ಮಲ್ಲೇ ಇದೆ. ಅಡಿಕೆ ಸಿಪ್ಪೆಯನ್ನು ರಸ್ತೆ ಪಕ್ಕ ರಾಶಿ ಹಾಕಿ ಸುಡುವುದನ್ನು ಎಲ್ಲರೂ ನೋಡಿದ್ದೇವೆ. ದಿನಗಟ್ಟಲೆ ಹೊಗೆ, ಕೊನೆಗೆ ಬೂದಿ. ಅದರ ಬದಲು ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಹಚ್ಚಿ, ಚೆನ್ನಾಗಿ ಒಣಗಿದ ಸಿಪ್ಪೆ, ಕಡ್ಡಿಗಳನ್ನು ಪದರ ಪದರವಾಗಿ ಹಾಕಬೇಕು. ಒಂದು ಪದರದ ಮೇಲೆ ಬೂದಿ ಕಾಣತೊಡಗಿದಾಗ ಮುಂದಿನದು. ಮೇಲಿನ ಜ್ವಾಲೆ ಗಾಳಿಯನ್ನು ಬಳಸಿಕೊಳ್ಳುವುದರಿಂದ ಕೆಳಗಿನದು ಇದ್ದಿಲಾಗಿ ಉಳಿಯುತ್ತದೆ. ಕೊನೆಗೆ ನೀರು ಸುರಿದು ಪೂರ್ತಿ ಆರಿಸಬೇಕು. ದೊಡ್ಡವರು ಜೊತೆಗಿರಲಿ, ಪ್ಲಾಸ್ಟಿಕ್ ಸೇರದಿರಲಿ.

ಈಗ ಖರ್ಚಿನ ಕಡೆ ನೋಡೋಣ. ಹೆಕ್ಟೇರಿಗೆ 10 ಟನ್ ಹಾಕುವುದೆಂದರೆ ಚದರ ಮೀಟರಿಗೆ 1 ಕೆ.ಜಿ., ಅಂದರೆ ಎಕರೆಗೆ ಸುಮಾರು 4 ಟನ್. ಒಣ ಕಸದ ತೂಕದಲ್ಲಿ ಕಾಲು ಭಾಗದಷ್ಟು ಇದ್ದಿಲು ಸಿಕ್ಕರೆ 16 ಟನ್ ಕಸ ಬೇಕು. ಸಣ್ಣ ಹಿಡುವಳಿದಾರರಿಗೆ ಒಂದೇ ವರ್ಷದಲ್ಲಿ ಇದು ಆಗದ ಮಾತು. ಆದರೆ ಇದ್ದಿಲು ಬೇಗ ಕೊಳೆಯುವುದಿಲ್ಲವಾದ್ದರಿಂದ ವರ್ಷಕ್ಕೆ ಕೆಲವು ಮರಗಳ ಬುಡಕ್ಕೆ ಹಾಕುತ್ತ ಹೋದರೂ ಹಿಂದೆ ಹಾಕಿದ್ದು ಉಳಿದಿರುತ್ತದೆ. ಗೊಬ್ಬರದ ಖರ್ಚು ಮಾತ್ರ ತಪ್ಪದು: ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರೆಲೆ, 12 ಕೆ.ಜಿ. ಕಾಂಪೋಸ್ಟ್ ಬೇಕೆಂಬುದು ಶಿಫಾರಸು.

ತೋಟವಿರುವ ಗೆಳೆಯರು ಹತ್ತು ಮರಗಳಿಗೆ ಗೊಬ್ಬರದ ಜೊತೆ ಇದ್ದಿಲು, ಪಕ್ಕದ ಹತ್ತು ಮರಗಳಿಗೆ ಅಷ್ಟೇ ಗೊಬ್ಬರ ಮಾತ್ರ ಹಾಕಿ ನೋಡಬಹುದು. ಎರಡಕ್ಕೂ ಬೇರೆ ಬೇರೆ ಖಾತೆ ಬರೆದು ಖರ್ಚು, ಕೊನೆಗಳ ತೂಕ ದಾಖಲಿಸಿ. ಅಡಿಕೆಯ ಫಲ ನಿಧಾನ, ಮೂರು ವರ್ಷವಾದರೂ ಖಾತೆ ನಡೆಯಲಿ. ನಮ್ಮ ತೋಟದ ಖಾತೆ ಬರೆಯುವ ಕೆಲಸವನ್ನು ಅಬ್ಬಾ ನನಗೆ ಒಪ್ಪಿಸಿದ್ದಾರೆ.