ಯೋಜನಾಕಾರ್ಯಕ್ಕೊಂದು ವೆಬ್ ಆ್ಯಪ್: ಮೊದಲು ಕೋಷ್ಟಕ, ಆಮೇಲೆ ಪರದೆ

ಅಭ್ಯಾಸ ಬೋಧನೆಗೆ ನಮ್ಮ ಪ್ರಶಿಕ್ಷಣಾರ್ಥಿಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಅಲ್ಲಿನ ಮಕ್ಕಳ ಯೋಜನಾಕಾರ್ಯಗಳನ್ನು ದಾಖಲಿಸಲು ನಾನು ಸರಳವಾದ ವೆಬ್ ಆ್ಯಪ್ ಒಂದನ್ನು ರೂಪಿಸುತ್ತಿದ್ದೇನೆ. ಅದರ ತಳಹದಿ ಹೀಗಿದೆ.

ಡೇಟಾಬೇಸಿನಲ್ಲಿ ನಾಲ್ಕು ಕೋಷ್ಟಕಗಳು ಸಾಕು: ವಿದ್ಯಾರ್ಥಿ, ಯೋಜನೆ, ಇವೆರಡನ್ನೂ ಜೋಡಿಸುವ ಸದಸ್ಯತ್ವ ಮತ್ತು ದಿನಚರಿ. ಶಹಾಬಾದ್ ಕಲ್ಲಿನ ಬಗ್ಗೆ ಐವರು ಮಕ್ಕಳು ಕೆಲಸ ಮಾಡುತ್ತಿದ್ದರೆ ಯೋಜನೆಯ ಒಂದೇ ಸಾಲಿನಲ್ಲಿ ಐದು ಹೆಸರು ತುರುಕಬಾರದು. ಸದಸ್ಯತ್ವದಲ್ಲಿ ಐದು ಸಾಲು ಬರೆಯಬೇಕು. ದಿನಚರಿಯ ಪ್ರತಿ ನಮೂದನ್ನೂ ಆ ಸಾಲಿಗೆ ಕಟ್ಟಿದರೆ ಯಾವ ಮಗು ಏನು ಮಾಡಿತೆಂಬುದು ತಿಳಿಯುತ್ತದೆ. ಕಲ್ಲಿನ ಮಾದರಿ ಸಂಗ್ರಹಿಸಿದ ಮೌನಿ ಹುಡುಗಿ, ವರದಿ ಓದಿದ ಮಾತುಗಾರ ಹುಡುಗನ ಹಿಂದೆ ಮರೆಯಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ವ್ಯಾಪಕ ಮತ್ತು ನಿರಂತರ ಮೌಲ್ಯಮಾಪನಕ್ಕೆ ಇಂಥ ದಾಖಲೆ ಬೇಕೇ ಬೇಕು.

ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ ನಮೂದು ಮೊದಲು ಫೋನಿನ ಬ್ರೌಸರಿನಲ್ಲೇ ಉಳಿದು, ಸಂಪರ್ಕ ಬಂದಾಗ ಸರ್ವರಿಗೆ ಹೋಗುವಂತಿರಬೇಕು.

ಅಂಕವನ್ನು ಮಾತ್ರ ಆ್ಯಪ್ ಲೆಕ್ಕ ಹಾಕಬಾರದು. ನಮೂದುಗಳ ಸಂಖ್ಯೆ ಕಲಿಕೆಯ ಅಳತೆಯಲ್ಲ. ಎರಡು ವಾರ ಯಾರ ದಿನಚರಿ ಖಾಲಿಯಿದೆ ಎಂದು ಅದು ತೋರಿಸಲಿ. ಆ ಮಗುವಿನ ಬಳಿ ಕೂತು ಮಾತಾಡಿಸುವುದು ಶಿಕ್ಷಕರ ಕೆಲಸ.