ತೆರವಾದ ಸ್ಥಾನ ತುಂಬುವ ಬಗೆ

‘ಉಪ’ ಎಂಬುದು ಸಂಸ್ಕೃತದಿಂದ ನಮ್ಮ ನುಡಿಗೆ ಬಂದ ಒಂದು ಸಣ್ಣ ಉಪಸರ್ಗ. ಹತ್ತಿರ ಎಂಬುದು ಅದರ ಮೊದಲ ಅರ್ಥ. ಉಪನಯನ, ಉಪವಾಸ, ಉಪಾಸನೆ ಎಂಬ ಮಾತುಗಳಲ್ಲೆಲ್ಲ ಹತ್ತಿರಕ್ಕೆ ಒಯ್ಯುವ, ಹತ್ತಿರದಲ್ಲಿರುವ ಭಾವವೇ ಅಡಗಿದೆ. ಕಾಲಕ್ರಮದಲ್ಲಿ ‘ಚಿಕ್ಕದು, ಎರಡನೆಯದು’ ಎಂಬ ಅರ್ಥವೂ ಅದಕ್ಕೆ ಕೂಡಿಕೊಂಡು ಉಪನದಿ, ಉಪಕಥೆ, ಉಪಾಧ್ಯಕ್ಷ ಮೊದಲಾದ ಮಾತುಗಳು ಹುಟ್ಟಿದುವು. ‘ಉಪಚುನಾವಣೆ’ ಈ ಎರಡನೆಯ ಸಾಲಿಗೆ ಸೇರಿದ್ದು. ಮಹಾಚುನಾವಣೆಯೆಂಬ ಹೊಳೆಗೆ ಇದು ಉಪನದಿ. ಆದರೆ ಉಪನದಿಗಳಿಗೂ ಒಮ್ಮೊಮ್ಮೆ ಪ್ರವಾಹ ಬರುವುದುಂಟು. ಆಗ ಮುಖ್ಯ ನದಿಯ ಪಾತ್ರವೇ ಬದಲಾಗುತ್ತದೆ. ನಮ್ಮ ದೇಶದ ಲೋಕಸಭೆಯ ಚರಿತ್ರೆಯಲ್ಲಿ ಅಂಥ ಪ್ರಸಂಗಗಳು ಒಂದೆರಡಲ್ಲ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಸಭೆಯೇ ಅವಧಿಗೆ ಮುನ್ನ ವಿಸರ್ಜನೆಯಾಗಿ ಎಲ್ಲ ಸ್ಥಾನಗಳಿಗೂ ನಡೆಯುವುದು ಮಧ್ಯಂತರ ಚುನಾವಣೆ. ಒಂದು ಮತಗಟ್ಟೆಯಲ್ಲಿ ಗಲಭೆಯೋ ಅಕ್ರಮವೋ ನಡೆದು ಅಲ್ಲಿ ಮಾತ್ರ ಮತ್ತೆ ಮತ ಪಡೆಯುವುದು ಮರುಮತದಾನ. ಸಭೆ ನಡೆಯುತ್ತಲೇ ಇದ್ದು, ಅದರೊಳಗಣ ಒಂದು ಸ್ಥಾನ ಮಾತ್ರ ಬರಿದಾದಾಗ ಆ ಕ್ಷೇತ್ರದವರಷ್ಟೇ ಮತ ಹಾಕುವುದು ಉಪಚುನಾವಣೆ. ಪತ್ರಿಕೆಗಳಲ್ಲಿ ಈ ಮೂರು ಮಾತುಗಳು ಕಲಸಿಹೋಗುವುದನ್ನು ಕಂಡು ವ್ಯಸನವಾಗುತ್ತದೆ.

ಸ್ಥಾನ ಬರಿದಾಗುವ ಬಗೆ ಹಲವು. ಸದಸ್ಯರ ಮರಣವಂತೂ ಸರಿಯೆ. ಉಳಿದವು ಬಹುಮಟ್ಟಿಗೆ ಸಂವಿಧಾನದ 101ನೆಯ ವಿಧಿಯಲ್ಲಿ ಬರುತ್ತವೆ. ಸದಸ್ಯನು ರಾಜೀನಾಮೆ ಕೊಡಬಹುದು. ಆದರೆ ಅದು ಸ್ವಂತ ಇಚ್ಛೆಯಿಂದ ಕೊಟ್ಟದ್ದೆಂದು ಲೋಕಸಭಾಧ್ಯಕ್ಷರಿಗೆ ಮನವರಿಕೆಯಾದ ಹೊರತು ಅಂಗೀಕಾರವಿಲ್ಲ. ಗುಜರಾತಿನಲ್ಲಿ ಶಾಸಕರಿಂದ ಒತ್ತಾಯದ ರಾಜೀನಾಮೆಗಳನ್ನು ಪಡೆದ ಪ್ರಸಂಗಗಳು ನಡೆದ ಮೇಲೆ, 1974ರ ತಿದ್ದುಪಡಿಯಿಂದ ಈ ನಿಯಮ ಬಂದಿತು. ಸಭೆಯ ಅನುಮತಿಯಿಲ್ಲದೆ 60 ದಿನ ಎಲ್ಲ ಬೈಠಕ್ಕುಗಳಿಗೂ ಗೈರುಹಾಜರಾದವನ ಸ್ಥಾನವನ್ನು ತೆರವೆಂದು ಸಾರುವ ಅಧಿಕಾರ ಸಭೆಗಿದೆ. ಲೋಕಸಭೆಯಲ್ಲಿದ್ದುಕೊಂಡೇ ವಿಧಾನಸಭೆಗೂ ಆರಿಸಿಬಂದವನು 14 ದಿನಗಳೊಳಗೆ ವಿಧಾನಸಭೆಯ ಸ್ಥಾನವನ್ನು ಬಿಡದಿದ್ದರೆ ಲೋಕಸಭೆಯದು ತಾನಾಗಿ ಹೋಗುತ್ತದೆ. ಪಕ್ಷಾಂತರ ಮಾಡಿದವನನ್ನು 1985ರಲ್ಲಿ ಸೇರಿಸಿದ ಹತ್ತನೆಯ ಅನುಸೂಚಿ ಹೊರಗೆ ಹಾಕುತ್ತದೆ.

ನ್ಯಾಯಾಲಯದ ಶಿಕ್ಷೆಯ ವಿಚಾರ ಸ್ವಲ್ಪ ಸೂಕ್ಷ್ಮವಾದದ್ದು. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಾದ ಸದಸ್ಯನು ಮೂರು ತಿಂಗಳೊಳಗೆ ಮೇಲ್ಮನವಿ ಹೂಡಿದರೆ ಸ್ಥಾನ ಉಳಿಯುತ್ತದೆಂಬ ರಕ್ಷಣೆ ಹಿಂದೆ ಇತ್ತು. 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಆಮೇಲೆ ಶಿಕ್ಷೆಯಾದೊಡನೆಯೇ ಸ್ಥಾನ ಹೋಗತೊಡಗಿತು. ಇದರಿಂದ ಒದಗಿದ ತೊಡಕನ್ನು ಲಕ್ಷದ್ವೀಪದಲ್ಲಿ ಕಾಣಬಹುದು. 2023ರ ಜನವರಿಯಲ್ಲಿ ಅಲ್ಲಿನ ಸದಸ್ಯ ಮೊಹಮ್ಮದ್ ಫೈಜಲ್ ಅವರಿಗೆ ಶಿಕ್ಷೆಯಾಯಿತು, ಸ್ಥಾನ ಹೋಯಿತು, ಚುನಾವಣಾ ಆಯೋಗ ಫೆಬ್ರುವರಿ 27ಕ್ಕೆ ಮತದಾನವನ್ನೂ ಗೊತ್ತುಮಾಡಿತು. ಅಷ್ಟರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಅವರ ಅಪರಾಧ ನಿರ್ಣಯವನ್ನೇ ತಡೆಹಿಡಿಯಿತು. ಇನ್ನು ತುಂಬುವುದಕ್ಕೆ ತೆರವೆಲ್ಲಿ? ಆಯೋಗ ಚುನಾವಣೆಯನ್ನು ತಡೆಹಿಡಿಯಬೇಕಾಯಿತು. ಚಪ್ಪರ ಹಾಕಿದ ಮೇಲೆ ಮದುವೆ ನಿಂತಂತಾಯಿತು.

ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಾದರೋ ಇನ್ನೊಂದು ವಿನೋದವಿದೆ. ಅಲ್ಲಿ ಸದಸ್ಯನು ನೇರವಾಗಿ ರಾಜೀನಾಮೆ ಕೊಡುವಂತೆಯೇ ಇಲ್ಲ. ಚಿಲ್ಟರ್ನ್ ಹಂಡ್ರೆಡ್ಸ್ ಎಂಬ, ಕೆಲಸವೂ ಇಲ್ಲದ ಸಂಬಳವೂ ಇಲ್ಲದ ರಾಜನ ಒಂದು ಉದ್ಯೋಗಕ್ಕೆ ಅರ್ಜಿ ಹಾಕಿಕೊಳ್ಳಬೇಕು. ರಾಜನ ನೌಕರನಾದವನು ಸದಸ್ಯನಾಗಿರಕೂಡದೆಂಬ ನೆಪದಿಂದ ಸ್ಥಾನ ಬಿಟ್ಟುಹೋಗುತ್ತದೆ. ನಮ್ಮ ಸಂವಿಧಾನವನ್ನು ರಚಿಸಿದವರು ಈ ಬಳಸುದಾರಿಯನ್ನು ತರದೆ ಬಿಟ್ಟದ್ದು ನಮ್ಮ ಪುಣ್ಯ.

ತೆರವಾದ ಮೇಲೆ ಎಷ್ಟು ದಿನದೊಳಗೆ ತುಂಬಬೇಕು? ಮುಖ್ಯವಾದ ಪ್ರಶ್ನೆ ಇದು. 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ ಮೊದಲು ಇದಕ್ಕೆ ಗಡುವೇ ಇರಲಿಲ್ಲ. 1996ರಲ್ಲಿ 151-ಎ ಎಂಬ ಪ್ರಕರಣವನ್ನು ಸೇರಿಸಿ, ಆರು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ಗೊತ್ತುಮಾಡಿದರು. ಆದರೆ ಎರಡು ಕಿಂಡಿಗಳನ್ನೂ ಬಿಟ್ಟರು. ಉಳಿದಿರುವ ಅವಧಿ ಒಂದು ವರ್ಷಕ್ಕಿಂತ ಕಡಮೆಯಾದರೆ ಬೇಡ. ಗಡುವಿನೊಳಗೆ ನಡೆಸುವುದು ಕಷ್ಟವೆಂದು ಆಯೋಗವು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಪ್ರಮಾಣೀಕರಿಸಿದರೂ ಬೇಡ.

ಈ ಒಂದು ವರ್ಷದ ಲೆಕ್ಕ ಎಷ್ಟು ಕೂದಲೆಳೆಯದೆಂಬುದನ್ನು ನಮ್ಮ ನಾಡೇ ಕಂಡಿದೆ. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಮೂವರು ಲೋಕಸಭೆಯನ್ನು ಬಿಟ್ಟರು: ಶಿವಮೊಗ್ಗದ ಯಡಿಯೂರಪ್ಪ, ಬಳ್ಳಾರಿಯ ಶ್ರೀರಾಮುಲು, ಮಂಡ್ಯದ ಪುಟ್ಟರಾಜು. ಮೂರು ಸ್ಥಾನಗಳೂ ಮೇ ತಿಂಗಳಲ್ಲಿಯೇ ತೆರವಾದುವು. ಆ ಲೋಕಸಭೆಯ ಅವಧಿ ಮುಗಿಯುವುದು 2019ರ ಜೂನ್ 3ಕ್ಕೆ. ಅಂದರೆ ವರ್ಷದ ಮೇಲೆ ಕೆಲವೇ ದಿನ ಉಳಿದಿತ್ತು, ಚುನಾವಣೆ ಅನಿವಾರ್ಯವಾಯಿತು. ಅದೇ ಹೊತ್ತಿಗೆ ಆಂಧ್ರಪ್ರದೇಶದ ಐದು ಸ್ಥಾನಗಳೂ ರಾಜೀನಾಮೆಯಿಂದ ಬರಿದಾಗಿದ್ದುವು. ಅವು ತೆರವಾದದ್ದು ಜೂನ್ 20ರಂದು, ವರ್ಷಕ್ಕೆ ಕೆಲವು ದಿನ ಕಡಮೆ. ಅಲ್ಲಿ ಚುನಾವಣೆ ನಡೆಯಲಿಲ್ಲ. ನೆರೆಯ ಎರಡು ರಾಜ್ಯಗಳಲ್ಲಿ ಒಂದಕ್ಕೆ ಮತದಾನ, ಇನ್ನೊಂದಕ್ಕೆ ಇಲ್ಲವೆಂದರೆ ಜನ ಸಂಶಯಪಡುವುದು ಸಹಜವೇ. ಆಯೋಗ ಈ ತಾರೀಖುಗಳನ್ನು ಮುಂದಿಟ್ಟು ವಿವರಣೆ ಕೊಡಬೇಕಾಯಿತು. ನವೆಂಬರ್ 3ರಂದು ನಮ್ಮ ಮೂರು ಕ್ಷೇತ್ರಗಳಲ್ಲಿ ಮತದಾನವಾಯಿತು. ಗೆದ್ದವರಿಗೆ ದೊರೆತದ್ದು ಒಂದು ಚಳಿಗಾಲದ ಅಧಿವೇಶನ, ಆಮೇಲೆ ಫೆಬ್ರುವರಿಯ ಮಧ್ಯಂತರ ಆಯವ್ಯಯದ ಪುಟ್ಟ ಅಧಿವೇಶನ, ಇಷ್ಟೆ. ಉಪಚುನಾವಣೆಯಲ್ಲಿ ಗೆದ್ದವನಿಗೆ ಐದು ವರ್ಷದ ಹೊಸ ಅವಧಿ ಸಿಗುವುದಿಲ್ಲ, ಹಳಬನು ಉಳಿಸಿ ಹೋದದ್ದು ಮಾತ್ರ ಅವನ ಪಾಲು ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟು ಸ್ವಲ್ಪ ಕಾಲಕ್ಕೆ ಇಷ್ಟೊಂದು ಖರ್ಚೇಕೆ ಎಂದು ಆಗ ಕೇಳಿದವರು ಬಹಳ ಮಂದಿ. ಆ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಪುಣೆಯವರನ್ನು ಕೇಳಬೇಕು. ಅಲ್ಲಿನ ಸದಸ್ಯ ಗಿರೀಶ್ ಬಾಪಟರು 2023ರ ಮಾರ್ಚ್ 29ರಂದು ತೀರಿಕೊಂಡರು. ಲೋಕಸಭೆಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಆದರೂ ಚುನಾವಣೆ ನಡೆಯಲಿಲ್ಲ. ಮಹಾಚುನಾವಣೆಯ ಸಿದ್ಧತೆಯಲ್ಲಿದ್ದೇವೆ, ಗೆದ್ದವರಿಗೆ ಉಳಿಯುವ ಕಾಲವೂ ಅತ್ಯಲ್ಪ ಎಂಬುದು ಆಯೋಗದ ವಾದ. ಮತದಾರರೊಬ್ಬರು ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಜನರನ್ನು ಪ್ರತಿನಿಧಿಯಿಲ್ಲದೆ ಇರಿಸಲಾಗದೆಂದು ಹೇಳಿ, ಕೂಡಲೆ ಚುನಾವಣೆ ನಡೆಸಬೇಕೆಂದು ನ್ಯಾಯಾಲಯ ಡಿಸೆಂಬರಿನಲ್ಲಿ ಆಜ್ಞಾಪಿಸಿತು. ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆ ಕೊಟ್ಟಿತು. ಹೀಗೆ 2024ರ ಜೂನ್‌ವರೆಗೆ, ಸುಮಾರು ಹದಿನಾಲ್ಕು ತಿಂಗಳು, ಅಷ್ಟು ದೊಡ್ಡ ನಗರದ ಪರವಾಗಿ ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳುವವರು ಇರಲಿಲ್ಲ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯಿಂದ ಆಗಬೇಕಾದ ಕೆಲಸಗಳನ್ನು ಸೂಚಿಸಲು ಅವರದೇ ಆದ ಸದಸ್ಯರಿರಲಿಲ್ಲ. ತೆರಿಗೆಯನ್ನಂತೂ ಆ ಹದಿನಾಲ್ಕು ತಿಂಗಳೂ ಅವರು ಕಟ್ಟಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಂಡ್ಯದ ಸುಮಾರು ಆರು ತಿಂಗಳ ಸದಸ್ಯತ್ವಕ್ಕೆ ಆದ ಖರ್ಚಿಗಿಂತ ಪುಣೆಯ ಬರಿದು ಸ್ಥಾನವೇ ಹೆಚ್ಚು ದುಬಾರಿಯೆಂದು ತೋರುತ್ತದೆ.

ಇನ್ನು ಉಪನದಿಗೆ ಪ್ರವಾಹ ಬಂದ ಪ್ರಸಂಗಗಳು. ಚೀನದ ಯುದ್ಧದ ಮರುವರ್ಷ, 1963ರ ಮೇ ತಿಂಗಳಲ್ಲಿ, ಕೆಲವು ಸ್ಥಾನಗಳಿಗೆ ಚುನಾವಣೆ ನಡೆಯಿತು. ಅಮರೋಹಾದಿಂದ ಆಚಾರ್ಯ ಕೃಪಲಾನಿ, ಫರೂಕಾಬಾದಿನಿಂದ ರಾಮಮನೋಹರ ಲೋಹಿಯಾ, ರಾಜಕೋಟೆಯಿಂದ ಮೀನೂ ಮಸಾನಿ, ಮೂವರೂ ನೆಹರೂ ಸರ್ಕಾರದ ಕಟುವಿಮರ್ಶಕರೇ, ಗೆದ್ದು ಬಂದರು. ಸಂಖ್ಯೆಯನ್ನು ನೋಡಿದರೆ ಸರ್ಕಾರಕ್ಕೆ ಏನೇನೂ ಭಯವಿರಲಿಲ್ಲ. ಆದರೆ ಆಗಸ್ಟಿನಲ್ಲಿ ಲೋಕಸಭೆಯ ಚರಿತ್ರೆಯ ಮೊತ್ತಮೊದಲ ಅವಿಶ್ವಾಸ ಸೂಚನೆಯನ್ನು ಮಂಡಿಸಿದವರು ಈ ಕೃಪಲಾನಿಯವರೇ. ಸೂಚನೆಯ ಪರ 62 ಮತ, ವಿರುದ್ಧ 347. ಸೋತಿತು, ನಿಜ. ಅದೇ ಅಧಿವೇಶನದಲ್ಲಿ ಲೋಹಿಯಾ ಎದ್ದು ನಿಂತು ಈ ದೇಶದ ಬಹುಮಂದಿ ಬಡವರ ದಿನದ ಆದಾಯ ಮೂರು ಆಣೆ ಎಂದರು. ಸರ್ಕಾರದ ಕಡೆಯವರು ಅಲ್ಲ, ಹದಿನೈದು ಆಣೆ ಎಂದರು. ಬಡತನವನ್ನು ಲೆಕ್ಕಹಾಕಿ ಅಳೆಯುವ ಚರ್ಚೆ ಆ ಬಳಿಕ ನಮ್ಮ ಸಂಸತ್ತಿನಲ್ಲಿ ನಿಲ್ಲಲಿಲ್ಲ. ಮೂರು ಕ್ಷೇತ್ರಗಳ ಮತದಾರರು ಮಾಡಿದ ಕೆಲಸ ಇದು.

ನಮಗೆ ಇನ್ನೂ ಹತ್ತಿರದ್ದು ಚಿಕ್ಕಮಗಳೂರಿನ ಕಥೆ. 1977ರ ಮಹಾಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತರು. ಉತ್ತರದಲ್ಲೆಲ್ಲ ಅವರ ಪಕ್ಷ ನೆಲಕಚ್ಚಿತು. ಕರ್ನಾಟಕವಾದರೋ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ದೇವರಾಜ ಅರಸರು ಮುಖ್ಯಮಂತ್ರಿಗಳು. ಚಿಕ್ಕಮಗಳೂರಿನ ಸದಸ್ಯ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಅವರಿಗಾಗಿ ಬಿಟ್ಟುಕೊಟ್ಟರು. ಜನತಾ ಪಕ್ಷ ನಿಲ್ಲಿಸಿದ್ದು ಸಾಮಾನ್ಯರನ್ನಲ್ಲ. ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರನ್ನು. ಪ್ರಚಾರದ ನೊಗ ಹೊತ್ತವರು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ಕಾಫಿ ತೋಟಗಳ ನಡುವಣ, ಮಳೆಯಲ್ಲಿ ತೊಯ್ದ ಆ ಹಾದಿಗಳಲ್ಲಿ ದೇಶವಿದೇಶಗಳ ಪತ್ರಕರ್ತರು ಓಡಾಡಿದರು. 1978ರ ನವೆಂಬರಿನಲ್ಲಿ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಇಂದಿರಾ ಗೆದ್ದರು.

ಆಮೇಲಿನದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ತಾವು ಪ್ರಧಾನಿಯಾಗಿದ್ದಾಗ, ಮಾರುತಿ ಸಂಸ್ಥೆಯ ಬಗ್ಗೆ ಲೋಕಸಭೆಯ ಪ್ರಶ್ನೆಯೊಂದಕ್ಕೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಡಿಸಿದರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ, ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವತನಕ ಸೆರೆಮನೆಗೂ ಕಳುಹಿಸಿತು. ಮತ ಎಣಿಸಿ ಆರು ವಾರವೂ ಆಗಿರಲಿಲ್ಲ. ಒಂದೇ ಲೋಕಸಭೆಯ ಅವಧಿಯಲ್ಲಿ ಚಿಕ್ಕಮಗಳೂರಿನ ಸ್ಥಾನ ಎರಡನೆಯ ಸಲ ಬರಿದಾಯಿತು. ಮೊದಲನೆಯ ಸಲ ಸದಸ್ಯರು ತಾವಾಗಿ ಬಿಟ್ಟರು. ಎರಡನೆಯ ಸಲ ಸಭೆಯೇ ಕಿತ್ತುಕೊಂಡಿತು. ಎರಡರಲ್ಲಿಯೂ ಆ ಕ್ಷೇತ್ರದ ಜನರನ್ನು ಕೇಳಿದವರಿಲ್ಲ. 1981ರಲ್ಲಿ, ಇಂದಿರಾ ಮತ್ತೆ ಪ್ರಧಾನಿಯಾಗಿದ್ದಾಗ, ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದುಗೊಳಿಸಿತು.

ಉಪಚುನಾವಣೆಯಿಂದ ಪ್ರಧಾನಿಗಳಿಗೂ ಪ್ರಯೋಜನವುಂಟು. ಸಂಸತ್ತಿನ ಸದಸ್ಯನಲ್ಲದವನು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯನಾಗಬೇಕು. 1991ರ ಜೂನ್‌ನಲ್ಲಿ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ನವೆಂಬರಿನಲ್ಲಿ ನಂದ್ಯಾಲದಿಂದ ಐದು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ತೆಲುಗರೊಬ್ಬರು ಪ್ರಧಾನಿಯಾಗಿದ್ದಾರೆಂದು ತೆಲುಗುದೇಶಂ ಪಕ್ಷ ಎದುರಾಳಿಯನ್ನೇ ನಿಲ್ಲಿಸಲಿಲ್ಲ.

ಸದಸ್ಯರು ತೀರಿಕೊಂಡಲ್ಲಿ ಮನೆಯವರನ್ನೇ ನಿಲ್ಲಿಸುವ ರೂಢಿ ಬಲು ಹಳೆಯದು. ನೆಹರೂ ತೀರಿಕೊಂಡ 1964ರಲ್ಲಿಯೇ ಫೂಲ್ಪುರದಿಂದ ಅವರ ತಂಗಿ ವಿಜಯಲಕ್ಷ್ಮಿ ಪಂಡಿತರು ಆರಿಸಿಬಂದರು. 2014ರಲ್ಲಿ ಮಹಾರಾಷ್ಟ್ರದ ಬೀಡಿನಲ್ಲಿ ಗೋಪಿನಾಥ ಮುಂಡೆಯವರ ಮಗಳು ಪ್ರೀತಂ ಸುಮಾರು ಏಳು ಲಕ್ಷ ಮತಗಳ ಅಂತರದಿಂದ ಗೆದ್ದರು. ಆದರೆ ಅನುಕಂಪಕ್ಕೂ ಒಂದು ಎಲ್ಲೆಯಿದೆ. ಸುರೇಶ ಅಂಗಡಿಯವರು ತೀರಿಕೊಂಡ ಮೇಲೆ 2021ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ನಿಂತ ಅವರ ಪತ್ನಿ ಮಂಗಳಾ ಅವರು ಗೆದ್ದದ್ದು ಐದು ಸಾವಿರ ಚಿಲ್ಲರೆ ಮತಗಳಿಂದ. ಫೂಲ್ಪುರವೂ ಪಂಡಿತರು ರಾಜೀನಾಮೆಯಿತ್ತ ಬಳಿಕ, 1969ರ ಉಪಚುನಾವಣೆಯಲ್ಲಿ, ಸಮಾಜವಾದಿ ಜನೇಶ್ವರ ಮಿಶ್ರರನ್ನು ಆರಿಸಿತು.

ಕೊನೆಯದಾಗಿ, ತೀರ ಅನವಶ್ಯಕವೆಂದು ನನಗೆ ತೋರುವ ಒಂದು ಬಗೆ. ಒಬ್ಬನೇ ಎರಡು ಕಡೆ ನಿಂತು ಎರಡೂ ಕಡೆ ಗೆದ್ದರೆ ಒಂದನ್ನು ಬಿಡಲೇಬೇಕು. 1980ರಲ್ಲಿ ಇಂದಿರಾ ಮೇಡಕ್ಕನ್ನು ಉಳಿಸಿಕೊಂಡು ರಾಯಬರೇಲಿಯನ್ನು ಬಿಟ್ಟರು. ಅಲ್ಲಿ ಅರುಣ ನೆಹರೂ ಬಂದರು. ಹಿಂದೆ ಎಷ್ಟು ಕಡೆ ಬೇಕಾದರೂ ನಿಲ್ಲಬಹುದಾಗಿತ್ತು. 1996ರಿಂದ ಎರಡಕ್ಕೆ ಮಿತಿ. ಒಂದೇ ಸಾಕೆಂದು ಚುನಾವಣಾ ಆಯೋಗ 2004ರಲ್ಲಿಯೇ ಸಲಹೆಯಿತ್ತಿತು. ಎರಡೇ ಇರಬೇಕೆಂದಾದರೆ ಬಿಟ್ಟುಕೊಟ್ಟವನಿಂದಲೇ ಖರ್ಚು ವಸೂಲಿಯಾಗಲಿ ಎಂದೂ ಹೇಳಿತು. ಕಾನೂನು ಆಯೋಗವೂ 2015ರಲ್ಲಿ ಒಂದೇ ಕ್ಷೇತ್ರ ಸಾಕೆಂದಿತು. 2023ರ ಫೆಬ್ರುವರಿಯಲ್ಲಿ ಈ ಕುರಿತ ಅರ್ಜಿಯೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಇದು ಸಂಸತ್ತು ತೀರ್ಮಾನಿಸಬೇಕಾದದ್ದೆಂದು ನ್ಯಾಯಾಲಯ ಅದನ್ನು ವಜಾಮಾಡಿತು. ಮರುವರ್ಷ ರಾಹುಲ್ ಗಾಂಧಿಯವರು ರಾಯಬರೇಲಿಯನ್ನು ಉಳಿಸಿಕೊಂಡು ವಯನಾಡನ್ನು ಬಿಟ್ಟರು. ಏಪ್ರಿಲ್ 26ರಂದು ಮತ ಹಾಕಿದ್ದ ವಯನಾಡಿನವರು ನವೆಂಬರ್ 13ರಂದು ಮತ್ತೆ ಸರದಿಯಲ್ಲಿ ನಿಂತರು; ಆ ಸಲ ಆರಿಸಿಬಂದವರು ಅವರ ತಂಗಿ ಪ್ರಿಯಾಂಕಾ.