ಅರ್ಜಿ ತಳ್ಳಿದ ಮೇಲೆ: ಐವರು ಲಂಕಾ ಯುವಕರ ಮೇಲ್ಮನವಿ

ಗೂಡಲೂರಿನಲ್ಲಿ ನನ್ನದು ತರಕಾರಿ ಮಂಡಿ. ಗುಂಡ್ಲುಪೇಟೆಯಿಂದ ಬರುವ ಮಾಲು ಇಳಿಸುವವರಲ್ಲಿ ಕೆಲವರು ‘ಸಿಲೋನ್‌ಕಾರರು’. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಲಂಕೆಯಿಂದ ಬಂದು ಇಲ್ಲಿನ ಸರ್ಕಾರಿ ಟೀ ತೋಟಗಳಲ್ಲಿ ನೆಲೆಸಿದವರ ಮಕ್ಕಳು. ಇವರನ್ನು ನಿರಾಶ್ರಿತರು ಅನ್ನೋದು ತಪ್ಪು, ಭಾರತದ ಪ್ರಜೆಗಳು.

ಹೋದ ತಿಂಗಳು ಅವರಲ್ಲೊಬ್ಬ ಕೇಳಿದ: “ಅಣ್ಣಾ, ನಮ್ಮ ಅತ್ತೆ ಮಗ ವವುನಿಯಾದವನು, ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದ್ದ. ವಾಪಸ್ ಹೋದ್ರೆ ರಾಜಕೀಯದ ಹಗೆಗೆ ಹಿಡಿದು ಹೊಡೀತಾರೆ ಅಂತ ಅರ್ಜಿ. ಆಗಲ್ಲ ಅಂತ ಕಾಗದ ಬಂದಿದೆ. ಇನ್ನು ಮುಗೀತಾ?”

ಮುಗಿದಿಲ್ಲ ಅಂದೆ. ಪಟ್ಟಾ ಅರ್ಜಿಯನ್ನು ತಹಸೀಲ್ದಾರ್ ತಳ್ಳಿದರೆ ನಾವು ಆರ್.ಡಿ.ಓ. ಬಾಗಿಲಿಗೆ ಹೋಗುವುದಿಲ್ಲವೇ, ಹಾಗೆಯೇ. ಆದರೆ ನಮ್ಮ ಅಪೀಲು ನಡೆಯುವಾಗ ಯಾರೂ ನಮ್ಮನ್ನು ಜೀವಭಯ ಇರೋ ಜಾಗಕ್ಕೆ ಅಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಹಾಗೂ ಆಗಿದೆ. ವಕೀಲ ಗೆಳೆಯರೊಬ್ಬರ ಮನೆಯಲ್ಲಿ ಆ ಕೇಸು ಓದಿದ್ದೆ.

1987ರಲ್ಲಿ ಐವರು ಲಂಕಾ ತಮಿಳು ಯುವಕರು ಅಲ್ಲಿ ಆಶ್ರಯ ಕೇಳಿದರು. ಸರ್ಕಾರ ನಿರಾಕರಿಸಿತು. ಹೈಕೋರ್ಟಿನಲ್ಲಿ ಸೋಲು, ಅದರ ಮೇಲಿನ ಕೋರ್ಟಿನಲ್ಲಿ ಗೆಲುವು, ಡಿಸೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮತ್ತೆ ಸೋಲು. 1951ರ ನಿರಾಶ್ರಿತರ ಒಪ್ಪಂದದಲ್ಲಿ ಜನಾಂಗ, ಮತ, ರಾಜಕೀಯ ಅಭಿಪ್ರಾಯ ಮುಂತಾದ ಐದು ಕಾರಣಗಳಿವೆ; ಅವುಗಳಿಂದ ಕಿರುಕುಳದ ‘ಆಧಾರವುಳ್ಳ ಭಯ’ ಇರಬೇಕು. ಹೆದರಿದರಷ್ಟೇ ಸಾಲದು, ಹಿಂಸೆ ಆಗುವ ತಕ್ಕಮಟ್ಟಿನ ಸಂಭವ ಇರಬೇಕು ಅಂದರು ಲಾರ್ಡುಗಳು.

ಈ ಕೋರ್ಟುಗಳು ನೋಡಿದ್ದು ಸರ್ಕಾರ ಕಾನೂನನ್ನು ಸರಿಯಾಗಿ ಓದಿತೇ ಎಂಬುದನ್ನು. ಒಬ್ಬೊಬ್ಬನ ಕಥೆಯನ್ನೂ ಮೊದಲಿನಿಂದ ತೂಗುವ ಮೇಲ್ಮನವಿಯೇ ಬೇರೆ. ಆಗಿನ ಕಾನೂನಿನಲ್ಲಿ ಇವರಂಥವರು ಅದನ್ನು ಇಂಗ್ಲೆಂಡ್ ಬಿಟ್ಟ ಮೇಲೆಯೇ ಹಾಕಬೇಕಿತ್ತು! ಹುಲಿ ಬೋನಿಗೆ ಹೋಗಿ ಹುಲಿಯ ಮೇಲೆ ದೂರು ಬರೆದ ಹಾಗೆ.

1988ರ ಫೆಬ್ರವರಿಯಲ್ಲಿ ಐವರನ್ನೂ ಲಂಕೆಗೆ ಕಳಿಸಿದರು. ಆಗ ಅಲ್ಲಿ ನಮ್ಮ ದೇಶದ ಶಾಂತಿಪಾಲನಾ ಪಡೆಯೂ ಇತ್ತು. ಹೋದವರಲ್ಲಿ ಮೂವರು ಹಿಂಸೆ ಅನುಭವಿಸಿದರು. ಇತ್ತ ಇಂಗ್ಲೆಂಡಿನಲ್ಲಿ ವಕೀಲರು ಮೇಲ್ಮನವಿ ನಡೆಸಿದರು. 1989ರ ಮಾರ್ಚ್‌ನಲ್ಲಿ ವಿಚಾರಣಾಧಿಕಾರಿ, ಐವರ ಭಯಕ್ಕೂ ಆಧಾರವಿತ್ತು, ಆಶ್ರಯ ಕೊಡಬೇಕಿತ್ತು ಎಂದು ತೀರ್ಪಿತ್ತರು. ಅಕ್ಟೋಬರ್‌ನಲ್ಲಿ ಅವರು ಮರಳಿ ಇಂಗ್ಲೆಂಡಿಗೆ ಬಂದರು.

1991ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ ಬ್ರಿಟನ್ ತಪ್ಪು ಮಾಡಿಲ್ಲ ಎಂದಿತು. ಇವರ ಸ್ಥಿತಿ ಅಲ್ಲಿನ ಬೇರೆ ತಮಿಳು ಯುವಕರಿಗಿಂತ ಕೆಟ್ಟದಾಗಿರಲಿಲ್ಲವಂತೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಊರಿಗೆಲ್ಲ ಭಯ ಇದ್ದರೆ ಒಬ್ಬನ ಭಯ ಕಡಿಮೆಯಾಗುತ್ತದೆಯೇ? ಆದರೂ 1993ರ ಕಾಯ್ದೆ ಬಂದು, ದೇಶದೊಳಗೆ ಇದ್ದೇ ಮೇಲ್ಮನವಿ ಹಾಕುವ ಹಕ್ಕು ಆಶ್ರಯ ಕೇಳಿದವರಿಗೆಲ್ಲ ಸಿಕ್ಕಿತು.

“ತಂಬಿ, ‘ಲಂಕೆಯಲ್ಲಿ ಕಷ್ಟ’ ಅಂತ ಬರೆದ್ರೆ ಸಾಲದು,” ಅಂದೆ. “ಅವನನ್ನೇ ಯಾರು, ಯಾವತ್ತು, ಯಾಕೆ ಹಿಡಿದ್ರು, ಗಾಯಕ್ಕೆ ಡಾಕ್ಟರ್ ಚೀಟಿ ಇದೆಯಾ, ಎಲ್ಲ ಬೇಕು. ತಳ್ಳಿದ ಕಾಗದದಲ್ಲಿ ಯಾವ ಮಾತು ನಂಬಲಿಲ್ಲ ಅಂತ ಬರೆದಿರ್ತಾರೆ, ಒಂದೊಂದಕ್ಕೂ ಉತ್ತರ ಕೊಡ್ಬೇಕು. ಅಲ್ಲೇ ಇದ್ದು ಹಾಕೋದಾದ್ರೆ ಸಾಮಾನ್ಯವಾಗಿ 14 ದಿನ ಗಡುವು. ಕಾಗದದ ತಾರೀಕು ಎಷ್ಟು?”

ಅವನಿಗೆ ಗೊತ್ತಿರಲಿಲ್ಲ. ಮೂಟೆ ಅಲ್ಲೇ ಬಿಟ್ಟು ಫೋನ್ ಮಾಡಲು ಎದ್ದು ಹೋದ.